ಹುಲಿ ಐತಿ, ಅಮ್ಮ ಇಲ್ಲ

ಜೂನ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ನಮ್ಮ ಅಜ್ಜಿ ಹುಲಿಗೆಮ್ಮನಿಗೆ ಸಹಿ ಕಲಿಸುವ ಪುಣ್ಯಕಾರ್ಯಕ್ಕೆ ನಾನು ಕೈ ಹಾಕಿದ್ದು ಆ ಗಳಿಗೆಯಲ್ಲಿ. ದಿನಚರಿಯಲ್ಲಿ ಹಾಗೆಯೇ ದಾಖಲಾಗಿದೆ. ಪಕ್ಕದಲ್ಲಿ ‘ಅವಧಿ: ಹತ್ತು ದಿನ. ಅಡಚಣೆ: ಏನೂ ಇಲ್ಲ’ ಎಂದೂ ಬರೆದಿದ್ದೇನೆ. ಈಗ ಓದಿದರೆ, ನನಗಾಗದವರು ಯಾರೋ ಬರೆದಿಟ್ಟಂತೆ ಕಾಣುತ್ತದೆ.

ತೆಕ್ಕಲಕೋಟೆಯ ಹತ್ತಿರದ ನಮ್ಮೂರಿನಲ್ಲಿ ಆ ಬೇಸಿಗೆ ಭತ್ತದ ಮೇಲೆ ಆಲಿಕಲ್ಲು ಸುರಿದಿತ್ತು. ಸರ್ಕಾರದ ಪರಿಹಾರ ಬರುವುದಿತ್ತು. ಹಿಂದೆಲ್ಲ ಅಂಥ ಹಣ ಚಾವಡಿಯಲ್ಲಿ ತಾತನ ಕೈಗೆ ಬರುತ್ತಿತ್ತು. ಚಾವಡಿಯಿಂದ ನಮ್ಮ ಮನೆಗೆ ಇನ್ನೂರ ಹನ್ನೊಂದು ಹೆಜ್ಜೆ. ಆದರೆ ಹಣ ನೇರವಾಗಿ ನಡೆಯುತ್ತಿರಲಿಲ್ಲ. ಮಿರ್ಚಿ ಅಂಗಡಿ, ಕ್ಷೌರದಂಗಡಿ, ಇಸ್ಪೀಟಿನ ಕಟ್ಟೆ ಎಲ್ಲವನ್ನೂ ಮಾತಾಡಿಸಿಕೊಂಡು ಮನೆ ಮುಟ್ಟುವ ಹೊತ್ತಿಗೆ ಬಹಳ ಬಡಕಲಾಗಿರುತ್ತಿತ್ತು.

ಈ ಸಲ ಹೊಸ ಪದ್ಧತಿ. ಹೊಲ ಯಾರ ಹೆಸರಿನಲ್ಲಿದೆಯೋ ಅವರ ಬ್ಯಾಂಕ್ ಖಾತೆಗೇ ನೇರ ಜಮೆ! ನಮ್ಮ ಹೊಲ ಅಜ್ಜಿಗೆ ತವರಿನಿಂದ ಬಂದದ್ದು, ಅವಳ ಹೆಸರಿನಲ್ಲೇ ಇತ್ತು. ಈ ಸಂಗತಿ ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ತಾತನ ಲಕ್ಷ್ಯಕ್ಕೆ ಬಂತು. ಅಂದಿನಿಂದ ಅವನು ಅಜ್ಜಿಯನ್ನು ‘ಏಯ್’ ಎನ್ನುವುದನ್ನು ನಿಲ್ಲಿಸಿ, ಪೂರ್ತಿ ಹೆಸರು ಹಿಡಿದು ಕರೆಯತೊಡಗಿದ.

“ಹುಲಿಗೆಮ್ಮಾ, ಚಾ ಕುಡಿತೀಯೇನು? ನಾನ ಮಾಡ್ತೀನಿ.”

“ಒಲಿ ಯಾವ ಮೂಲ್ಯಾಗ ಐತಿ ಅಂತ ಗೊತ್ತೈತೇನು?” ಎಂದಳು ಅಜ್ಜಿ.

ಅಜ್ಜಿಗೆ ಆ ಹಣ ಬೇಕಾಗಿದ್ದದ್ದು ಒಂದೇ ಕಾರಣಕ್ಕೆ: ಎಮ್ಮೆ. ಅವಳು ತವರಿನಿಂದ ತಂದಿದ್ದ ಎಮ್ಮೆಯನ್ನು ತಾತ ಒಮ್ಮೆ ಹೇಳದೆ ಕೇಳದೆ ಮಾರಿ, ಹಳೆಯ ಮೋಟಾರ್ ಸೈಕಲ್ ತಂದಿದ್ದ. ಅದು ಹಾಲನ್ನಂತೂ ಕೊಡಲಿಲ್ಲ, ಓಡಲೂ ಇಲ್ಲ. ಈಗ ಕುರುಗೋಡಿನಲ್ಲಿ ಅಜ್ಜಿಯ ತಮ್ಮ ಶರಣಪ್ಪನ ಕೊಟ್ಟಿಗೆಯಲ್ಲಿ ಅದೇ ತಳಿಯ ಎಮ್ಮೆಯೊಂದಿತ್ತು. ಹಣೆಯ ಮೇಲೆ ಬಿಳಿ ಮಚ್ಚೆ, ಹೆಸರು ಚಂದ್ರಿ. ಶರಣಪ್ಪ ಗಣಿಯಿಂದ ಅದಿರು ಸಾಗಿಸಲು ಟಿಪ್ಪರ್ ಲಾರಿ ಕೊಂಡಿದ್ದ. ಎಮ್ಮೆ ಸಾಕಲು ಪುರುಸೊತ್ತಿಲ್ಲವೆಂದು ಮಾರುವವನಿದ್ದ. ಆ ದಿನಗಳಲ್ಲಿ ನಮ್ಮ ಕಡೆ ಎಮ್ಮೆ ಮಾರಿ ಲಾರಿ ಹಿಂದೆ ಓಡುವವರೇ ಎಲ್ಲ. ಎಮ್ಮೆಯ ಹಿಂದೆ ಹೊರಟವಳು ನಮ್ಮ ಅಜ್ಜಿಯೊಬ್ಬಳೇ. ಬೆಲೆಯ ಮುಕ್ಕಾಲು ಪಾಲು ಅವಳ ಸೆರಗಿನ ಗಂಟಿನಲ್ಲಿತ್ತು. ಉಳಿದ ಕಾಲು ಪಾಲು ಸರ್ಕಾರದಿಂದ ಬರಬೇಕಿತ್ತು.

ಹತ್ತು ದಿನಗಳಲ್ಲಿ ಸಿರುಗುಪ್ಪದ ಬ್ಯಾಂಕಿನವರು ಖಾತೆ ತೆರೆಯಲು ಊರಿಗೇ ಬರುವವರಿದ್ದರು.

“ಬಟ್ಟು ಒತ್ತಿದ್ರ ಆತಲ್ಲ?” ಎಂದಳು ಅಜ್ಜಿ.

“ಛೇ! ಈ ಕಾಲದಾಗ ಹೆಬ್ಬಟ್ಟೇ? ನಾನು ಇದ್ದಾಗ ನೀನು ಬಟ್ಟು ಒತ್ತೋದಾ?”

“ನನ್ ಬಟ್ಟು ಹುಟ್ಟಿದಾಗಿಂದ ಹಂಗ ಐತಿ ಸಾವಂತ್ರಿ. ಅದಕ್ಯಾಕ ಸಾಲಿ ಕಲಿಸ್ತಿ?”

ನನ್ನ ಹೆಸರು ಸಾವಿತ್ರಿ. ಅಜ್ಜಿಯ ಬಾಯಲ್ಲಿ ಸಾವಂತ್ರಿ. ಬಳ್ಳಾರಿಯಲ್ಲಿ ಬಿ.ಎ. ಓದುತ್ತಿದ್ದ ನಾನು ಸಹಿಯ ವಿಷಯದಲ್ಲಿ ಸಣ್ಣಪುಟ್ಟ ಪಂಡಿತೆಯೇ ಆಗಿದ್ದೆ. ಎರಡನೇ ವರ್ಷದಲ್ಲಿ ನನ್ನ ಸಹಿಗೆ ಎರಡು ಸುರುಳಿ, ಕೆಳಗೊಂದು ಬಾಲ ಸೇರಿಸಿಕೊಂಡು ಸುಧಾರಿಸಿದ್ದೆ. ಅಂಥವಳ ಅಜ್ಜಿ ಬಟ್ಟು ಒತ್ತುವುದೇ?

ಹತ್ತು ದಿನ ಕಲಿಸಿದೆ. ‘ಹು’ ಇನ್ನೂರ ಹನ್ನೆರಡು ಬಾರಿ, ‘ಲಿ’ ನೂರಾ ತೊಂಬತ್ತು ಬಾರಿ. ಜೂನ್ ಇಪ್ಪತ್ನಾಲ್ಕಕ್ಕೆ ಬ್ಯಾಂಕಿನವರು ಬಂದೇ ಬಿಟ್ಟರು. ಅಷ್ಟೊತ್ತಿಗೆ ಅಜ್ಜಿ ಅರ್ಧ ಹೆಸರಷ್ಟೇ ಕಲಿತಿದ್ದಳು. ಪರವಾಗಿಲ್ಲ, ಸಹಿ ಚಿಕ್ಕದಿದ್ದರೂ ನಡೆಯುತ್ತದೆ ಎಂದು ನಾನು ತೀರ್ಪು ಕೊಟ್ಟೆ. ಅರ್ಜಿಯಲ್ಲಿ ‘ಸಹಿ ಮಾಡಬಲ್ಲರು’ ಎಂದು ದಪ್ಪಕ್ಷರದಲ್ಲಿ ತುಂಬಿದೆ. ಅಜ್ಜಿ ಮಾದರಿ ಸಹಿ ಹಾಕಿದಳು: ‘ಹುಲಿ’. ‘ಹು’ ಒಡೆದ ಮೊಟ್ಟೆಯಂತಿತ್ತು. ‘ಲಿ’ ಮುನಿಸಿಕೊಂಡು ಗೋಡೆಯ ಕಡೆಗೆ ತಿರುಗಿ ಕೂತಿತ್ತು. ಅದೇ ಬ್ಯಾಂಕಿನ ಕಂಪ್ಯೂಟರಿಗೆ ಹೋಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ನಿಲ್ಲಿಸಲಿಲ್ಲ!

ಜುಲೈ ಹದಿನೆಂಟಕ್ಕೆ ಅಜ್ಜಿಯನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿ ಕಣ್ಣು ಪರೀಕ್ಷೆ ಮಾಡಿಸಿ ಚಶ್ಮಾ ಕೊಡಿಸಿದೆ. ಅಂಗಡಿಯಿಂದ ಹೊರಬಂದವಳೇ ಕೋಟೆ ಗುಡ್ಡ ನೋಡಿ, “ಅಯ್ಯ, ಅದರ ಮ್ಯಾಲ ಕಲ್ಲು ಬ್ಯಾರೆ ಬ್ಯಾರೆ ಅದಾವಲ್ಲ!” ಎಂದಳು. ಅಲ್ಲಿಯವರೆಗೆ ಒಂದೇ ಕಲ್ಲು ಎಂದುಕೊಂಡಿದ್ದಳಂತೆ. ಚಶ್ಮಾ ಬಂದ ಮೇಲೆ ಅಕ್ಷರ ಕುದುರೆಯಂತೆ ಓಡಿತು. ಆಗಸ್ಟ್ ಮುಗಿಯುವಷ್ಟರಲ್ಲಿ ‘ಹುಲಿಗೆಮ್ಮ’ ಎಂದು ಒತ್ತು ಸಹಿತ, ಮುತ್ತು ಪೋಣಿಸಿದಂತೆ ಬರೆಯತೊಡಗಿದಳು. ದಿನಚರಿಯಲ್ಲಿ ‘ಯೋಜನೆ ಸಂಪೂರ್ಣ ಯಶಸ್ವಿ’ ಎಂದು ಬರೆದು ಎರಡು ಗೆರೆ ಎಳೆದೆ.

ಸೆಪ್ಟೆಂಬರ್ ಹದಿನೈದು, ಮಂಗಳವಾರ. ಹಣ ಜಮೆಯಾದ ಸುದ್ದಿ ಬಂತು. ಅದೇ ಬೆಳಿಗ್ಗೆ ಶರಣಪ್ಪನ ಫೋನೂ ಬಂತು.

“ಅಕ್ಕಾ, ಬಳ್ಳಾರಿ ಹೋಟ್ಲಿನಾಂವ ಎಮ್ಮಿ ಕೇಳಾಕತ್ತಾನ. ಶುಕ್ರವಾರ ಸಂಜಿತನ ನಿನಗ ಅಂತ ಇಟ್ಟಿರ್ತೀನಿ. ಆಮ್ಯಾಗ ನನ್ನ ಬೈಬ್ಯಾಡ.”

ಹತ್ತರ ಬಸ್ಸಿಗೆ ಸಿರುಗುಪ್ಪಕ್ಕೆ ಹೋದೆವು. ಅಜ್ಜಿ ಹಣ ತೆಗೆಯುವ ಚೀಟಿಯ ಮೇಲೆ ಠೀವಿಯಿಂದ ‘ಹುಲಿಗೆಮ್ಮ’ ಎಂದು ಬರೆದಳು. ಕ್ಯಾಷಿಯರ್ ಆಂಧ್ರದ ಆದೋನಿ ಕಡೆಯವರು. ಚೀಟಿ ನೋಡಿದರು, ಕಂಪ್ಯೂಟರ್ ನೋಡಿದರು, ಮತ್ತೆ ಚೀಟಿ ನೋಡಿದರು.

“ಇಲ್ಲಿ ಹುಲಿ ಐತಿ, ಅಮ್ಮ ಇಲ್ಲ!”

“ಅಮ್ಮ ಇಲ್ಲೇ ನಿಂತೀನಲ್ಲಪಾ,” ಎಂದಳು ಅಜ್ಜಿ.

ಸಹಿ ಹೊಂದುತ್ತಿಲ್ಲ ಎಂದು ಅವರು ವಿವರಿಸಿದರು. ಬುಧವಾರ ಮತ್ತೆ ಹೋದೆವು. ಈ ಸಲ ‘ಹುಲಿ’ ಎಂದಷ್ಟೇ ಬರೆಸಿದೆ. ಎಂಥ ದುಂಡಗಿನ, ಸುಂದರ ಹುಲಿ! ಪಾಠದ ಪುಸ್ತಕದಲ್ಲಿ ಅಚ್ಚು ಹಾಕಿಸಬಹುದಿತ್ತು. ಕ್ಯಾಷಿಯರ್ ತಲೆ ಅಲ್ಲಾಡಿಸಿದರು. “ಇದು ಬೇರೆ ಹುಲಿ ಅಮ್ಮಾ.”

ನಾನು ಮ್ಯಾನೇಜರ್ ಬಳಿ ಹೋಗಿ ಸಾಕ್ಷರತೆಯ ಮಹತ್ವದ ಬಗ್ಗೆ ಮಾತನಾಡಿದೆ. ಅವರು ಸಮಾಧಾನದಿಂದ ಕೇಳಿದರು.

“ಮಾದರಿ ಸಹಿ ಬದಲಿಸೋಣ. ಅರ್ಜಿ, ಫೋಟೋ ಕೊಡಿ. ಹದಿನೈದು ದಿನ ಹಿಡಿತದ.”

“ಬಟ್ಟು ಒತ್ತಿದ್ರ?” ಎಂದಳು ಅಜ್ಜಿ.

“ಬಟ್ಟಾಗಿದ್ರ ಇವತ್ತೇ ರೊಕ್ಕ ಸಿಗ್ತಿತ್ತಮ್ಮ. ಆದ್ರ ಅರ್ಜಿಯಾಗ ಸಹಿ ಮಾಡ್ತಾರ ಅಂತ ಬರೆದಾರ. ಅಕ್ಷರ ದಪ್ಪ ಬ್ಯಾರೆ ಅದಾವು.”

ಅಜ್ಜಿ ನನ್ನ ಕಡೆ ನೋಡಿದಳು. ಚಶ್ಮಾದ ಹಿಂದೆ ಅವಳ ಕಣ್ಣುಗಳು ಬಹಳ ದೊಡ್ಡದಾಗಿ ಕಾಣುತ್ತಿದ್ದವು.

ಗುರುವಾರ ಇಡೀ ದಿನ ಮನೆಯಲ್ಲಿ ತಪ್ಪು ಬರೆಯುವ ತರಬೇತಿ. ಅದೃಷ್ಟಕ್ಕೆ ಜೂನ್ ತಿಂಗಳ ಅಭ್ಯಾಸದ ಹಾಳೆಯೊಂದು ದಿನಚರಿಯಲ್ಲಿ ಉಳಿದಿತ್ತು. ಅದನ್ನೇ ಮುಂದಿಟ್ಟುಕೊಂಡು ಹೇಳಿಕೊಟ್ಟೆ. “ಹು ಒಡೀಬೇಕು ಅಜ್ಜಿ, ಇನ್ನೂ ಒಡಿ! ಲಿ ಆ ಕಡಿ ತಿರುಗಿಸು!”

“ಮೂರು ತಿಂಗಳ ಹಿಂದ ಹಿಂಗ ಬರದ್ರ ಕೈಮ್ಯಾಲ ಹೊಡಿತಿದ್ದಿ,” ಎಂದಳು ಅಜ್ಜಿ. ಕೈ ಮಾತ್ರ ಕೆಡಲೊಲ್ಲದು. ನೂರಾ ನಲವತ್ತು ಹುಲಿ ಬರೆದಳು. ನೂರಾ ನಲವತ್ತೂ ಸುಂದರ! ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ತಾತ ಹೇಳಿದ, “ಚಾವಡಿಯಾಗ ಇಷ್ಟು ಕಷ್ಟ ಇದ್ದಿಲ್ಲ ಬಿಡು.”

“ನಿನಗ ಕಷ್ಟ ಇದ್ದಿಲ್ಲ. ನನಗ ರೊಕ್ಕನ ಇದ್ದಿಲ್ಲ,” ಎಂದಳು ಅಜ್ಜಿ. ತಾತ ಚಹಾ ಮಾಡಲು ಎದ್ದು ಹೋದ. ಒಲೆ ಅಷ್ಟೊತ್ತಿಗೆ ಅವನಿಗೆ ಸಿಕ್ಕಿತ್ತು.

ಶುಕ್ರವಾರ ಮತ್ತೆ ಹತ್ತರ ಬಸ್ಸು ಹಿಡಿದೆವು. ಚಂದ್ರಿ ಹೋಟೆಲಿನವನ ಟೆಂಪೋ ಹತ್ತುವುದು ನನ್ನ ಕಣ್ಣಿಗೆ ಕಟ್ಟತೊಡಗಿತು. ಬ್ಯಾಂಕಿನಲ್ಲಿ ನಾನು ಹಳೆಯ ಹಾಳೆ ಹೊರತೆಗೆದೆ. ಅಜ್ಜಿ ಅದನ್ನು ಕಸಿದು ಮಡಚಿ ನನ್ನ ಕೈಯಲ್ಲೇ ಇಟ್ಟಳು.

“ನೀ ಅಲ್ಲಿ ಫ್ಯಾನ್ ಕೆಳಗ ಕುಂದ್ರು. ಬಾಯಿ ತೆರಿಬ್ಯಾಡ.”

ಕುಳಿತೆ. ಅಜ್ಜಿ ಒಬ್ಬಳೇ ಕೌಂಟರಿಗೆ ಹೋದಳು. ನಿಧಾನವಾಗಿ ಚಶ್ಮಾ ತೆಗೆದಳು, ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. “ಸಾಹೇಬ್ರ, ಸಹಿ ಜಾಗಾ ಎಲ್ಲೈತಿ? ನನ್ ಕೈ ಅದರ ಮ್ಯಾಲ ಇಡ್ರಿ,” ಎಂದಳು. ಗಾಳಿಯಲ್ಲಿ ಬರೆದಂತೆ ಬರೆದಳು. ಮೊಟ್ಟೆ ಒಡೆಯಿತು. ‘ಲಿ’ ಗೋಡೆಯ ಕಡೆ ತಿರುಗಿತು.

ಕ್ಯಾಷಿಯರ್ ಕುರ್ಚಿಯಿಂದ ಅರ್ಧ ಎದ್ದರು. ಸಂತೋಷಕ್ಕೆ ಅವರ ಬಾಯಲ್ಲಿ ತೆಲುಗು ಬಂದುಬಿಟ್ಟಿತು. “ಪುಲಿ ವಚ್ಚಿಂದಿ!”

ಬಾಗಿಲ ಬಳಿ ನಿಂತಿದ್ದ ಇಬ್ಬರು, ಹುಲಿ ಬಂತೆಂಬುದನ್ನು ಕೇಳಿ ಬೆಚ್ಚಿ ರಸ್ತೆ ನೋಡಿದರು.

“ಅವತ್ತು ಚಸ್ಮಾ ಇತ್ತೇನು? ಇದ್ದಿಲ್ಲ. ಅಷ್ಟ,” ಎಂದಳು ಅಜ್ಜಿ, ಹಣವನ್ನು ಗಂಟಿಗೆ ಸೇರಿಸುತ್ತ. ನನ್ನ ನೂರಾ ನಲವತ್ತರ ಲೆಕ್ಕ ಚೀಲದಲ್ಲಿದ್ದ ದಿನಚರಿಯೊಳಗೇ ನಾಚಿಕೊಂಡಿತು.

ಮಾನ ಉಳಿಸಿಕೊಳ್ಳಲು, ಕುರುಗೋಡಿನ ಬಸ್ ಚಾರ್ಜು ನಾನೇ ಕೊಡುತ್ತೇನೆಂದೆ. ಹೈಸ್ಕೂಲಿನ ದಿನಗಳಿಂದ ನನ್ನ ವಿದ್ಯಾರ್ಥಿವೇತನ ಇದೇ ಬ್ಯಾಂಕಿಗೆ ನೇರ ಜಮೆಯಾಗುತ್ತಿತ್ತು. ಹಾಸ್ಟೆಲಿಗೆ ಹೋದ ಮೇಲೆ ತೆಗೆದಿರಲಿಲ್ಲ. ಚೀಟಿ ತುಂಬಿ ಸಹಿ ಹಾಕಿದೆ. ಎರಡು ಸುರುಳಿ, ಕೆಳಗೊಂದು ಬಾಲ.

ಕ್ಯಾಷಿಯರ್ ಕಂಪ್ಯೂಟರ್ ನೋಡಿದರು. ಚೀಟಿ ನೋಡಿದರು. ನನ್ನನ್ನು ನೋಡಿದರು.

ಅಜ್ಜಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. “ಬಟ್ಟು ಒತ್ತಿಬಿಡವಾ, ಸಾವಂತ್ರಿ. ಅದು ಬದಲಾಗಂಗಿಲ್ಲ.”

ಬಸ್ ಚಾರ್ಜು ಅಜ್ಜಿಯೇ ಕೊಟ್ಟಳು. ಸಂಜೆ ಐದೂವರೆಗೆ ಚಂದ್ರಿಯ ಹಗ್ಗ ಅವಳ ಕೈಗೆ ಬಂತು. ಶರಣಪ್ಪ ಗೊತ್ತುಮಾಡಿದ ಟೆಂಪೋದಲ್ಲಿ ಎಮ್ಮೆ, ಅಜ್ಜಿ, ನಾನು ಊರು ಮುಟ್ಟಿದಾಗ ತಾತ ಅಂಗಳದಲ್ಲಿ ಹುಲ್ಲು ಹಾಕಿಕೊಂಡು ಕಾಯುತ್ತಿದ್ದ.

“ಅಂತೂ ಹುಲಿಗೆ ಎಮ್ಮಿ ಸಿಕ್ತು!” ಎಂದ.

“ನಿನಗ ಸೆಗಣಿ ಸಿಕ್ತು,” ಎಂದು ಅಜ್ಜಿ ಬುಟ್ಟಿ ತೋರಿಸಿದಳು.

ನನ್ನ ಮಾದರಿ ಸಹಿ ಬದಲಾವಣೆಯ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಹದಿನೈದು ದಿನ ಎಂದಿದ್ದರು. ಇವತ್ತಿಗೆ ಇಪ್ಪತ್ತಾರನೆಯ ದಿನ. ಹೈಸ್ಕೂಲಿನಲ್ಲಿ ಹಾಕಿದ್ದ ಸಹಿಯನ್ನು ಮತ್ತೆ ಕೈಗೆ ತರುವುದು ಹೇಗೆ ಎಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ; ತಾರೀಖು, ಗಂಟೆ ಸಮೇತ ದಾಖಲಿಸಿಕೊಳ್ಳುತ್ತೇನೆ. ಪತ್ರದ ಕೊನೆಗೆ ಸಹಿ ಬೇಡ. ಹೆಬ್ಬಟ್ಟು ಸಾಕು.