ಆರ್ ಎಂದರೆ ರದ್ದು

ಕೀಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರಗಳು ಇರಬಹುದು. ಆದರೆ ಅವನ್ನು ಒತ್ತುವ ಬೆರಳು ಕನ್ನಡದ್ದು! ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ವರ್ಷಾನುಗಟ್ಟಲೆ ಕನ್ನಡ ಪಾಠ ಮಾಡಿಕೊಂಡು ಬಂದಿರುವ ನನಗೆ ಇಷ್ಟಾದರೂ ಸಿದ್ಧಾಂತ ಬೇಡವೇ? ಈ ಸಿದ್ಧಾಂತದ ಬಲದಿಂದಲೇ ನಾನು ಸಂಗೀತ ಸಂಯೋಜನೆಯ ಕ್ಷೇತ್ರಕ್ಕೆ ಪಾದಾರ್ಪಣೆ ಮಾಡಿದೆ.

ಕಾರಣ ನಮ್ಮ ಅತ್ತಿಗೆ, ಅಂದರೆ ನಮ್ಮನೆಯವರ ಅಕ್ಕ. ಅವರಿರುವುದು ಭದ್ರಾವತಿಯಲ್ಲಿ. ಮಗಳ ಮದುವೆ ಗೊತ್ತಾದ ದಿನವೇ ಫೋನ್ ಮಾಡಿದರು.

"ವಸುಧಾ, ಹುಡುಗೀನ ಹಸೆಗೆ ಕರೆಯೋವಾಗ ಅಮ್ಮ ಹಾಡ್ತಿದ್ದ ಹಾಡೇ ಆಗ್ಬೇಕು ಕಣೆ. ನಂಗೆ ಎರಡು ಸಾಲಿನ ಮೇಲೆ ಬರಲ್ಲ. ಪೂರ್ತಿ ಬರೋದು ನಂಜುಂಡಂಗೆ ಒಬ್ಬನಿಗೇ."

ನಂಜುಂಡ ಎಂದರೆ ನಮ್ಮನೆಯವರು. ಸವಳಂಗ ರಸ್ತೆಯಲ್ಲಿ ಅವರದೊಂದು ಪೇಂಟ್ ಅಂಗಡಿ ಇದೆ. ಚಿಕ್ಕವರಿದ್ದಾಗ ತಾಯಿಯ ಸೆರಗು ಹಿಡಿದುಕೊಂಡು ಮದುವೆ ಮನೆಗಳಿಗೆಲ್ಲ ಹೋಗಿ ಹೋಗಿ, ಆ ಹಾಡು ಬಾಯಿಪಾಠವಾಗಿತ್ತು. ನಮ್ಮ ಅತ್ತೆ ತೀರಿಕೊಂಡ ಮೇಲೆ ಅದು ಉಳಿದಿರುವುದು ಇವರೊಬ್ಬರ ಗಂಟಲಲ್ಲಿ. ಹೊರಗೆ ಬರುವುದು ಮಾತ್ರ ಬಚ್ಚಲುಮನೆಯ ಬಾಗಿಲು ಹಾಕಿಕೊಂಡ ಮೇಲೆ.

"ಹೆಂಗಸ್ರ ಹಾಡು ಮಾರಾಯ್ತಿ," ಎಂದು ಇವರು ಕೈಮುಗಿದರು. "ಈ ಮೀಸೆ ಇಟ್ಕೊಂಡು ಅಷ್ಟು ಜನದ ಮುಂದೆ ಹೆಂಗೆ ಹಾಡ್ಲಿ? ನನ್ ಕೈಲಾಗಲ್ಲ."

"ನೀವು ಮನೇಲೇ ಹಾಡಿ. ರೆಕಾರ್ಡ್ ಮಾಡಿ ಮಂಟಪದಲ್ಲಿ ಹಾಕೋಣ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ!"

ನೋಡಿಕೊಂಡೆ. ಪುಕ್ಕಟೆ ಸಿಗುವ ಒಂದು ಸಂಗೀತದ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಅದನ್ನು ಕಲಿಸುವ ವಿಡಿಯೋ ಕೂಡ ಸಿಕ್ಕಿತು. ಒಬ್ಬ ತರುಣ ಮಿಂಚಿನ ವೇಗದಲ್ಲಿ ಕೀಗಳನ್ನು ಒತ್ತುತ್ತಾ, ಶಾರ್ಟ್‌ಕಟ್ ಬಾರದವರ ಜನ್ಮ ವ್ಯರ್ಥ ಎನ್ನುವ ಹಾಗೆ ಹಿಂದಿಯಲ್ಲಿ ಏನೋ ಹೇಳುತ್ತಿದ್ದ. ನನ್ನ ಹಿಂದಿ ಅಷ್ಟಕ್ಕಷ್ಟೆ. ಆದ್ದರಿಂದ ಅವನು ಒತ್ತಿದ ಅಕ್ಷರಗಳನ್ನು ಮಾತ್ರ ತೆಗೆದುಕೊಂಡು ಅರ್ಥವನ್ನು ನಾನೇ ಕೊಟ್ಟೆ. ಆರ್ ಎಂದರೆ ರದ್ದು. ಎಸ್ ಎಂದರೆ ಸಾಕು. ಎಷ್ಟು ಸುಲಭ!

ಪರೀಕ್ಷೆ ಮಾಡದೆ ನಂಬುವವಳು ನಾನಲ್ಲ. ಆರ್ ಒತ್ತಿ ನೋಡಿದೆ. ಪರದೆಯ ಮೇಲೆ ಕೆಂಪು ಬಂತು. ಉತ್ತರಪತ್ರಿಕೆಯಲ್ಲಿ ತಪ್ಪನ್ನು ನಾನು ಹೊಡೆದುಹಾಕುವುದೂ ಕೆಂಪಿನಲ್ಲೇ ತಾನೇ? ಸಿದ್ಧಾಂತ ಸಾಬೀತಾಯಿತು! ಧ್ವನಿಮುದ್ರಣಕ್ಕೆಂದು ಮೌಸಿನಿಂದ ಒತ್ತುವ ದುಂಡನೆಯ ಗುಂಡಿ ಬೇರೆಯೇ ಇದ್ದುದರಿಂದ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ನವುಲೆಯ ನಮ್ಮ ಮನೆಯ ಮಲಗುವ ಕೋಣೆ ಸ್ಟುಡಿಯೋ ಆಯಿತು. ಇವರು ಗೋಡೆಯ ಕಡೆ ಮುಖ ಮಾಡಿ ಹಾಡಿದರು. ಏನು ಹಾಡಿದರು ಅಂತೀರಿ! ಕೇಳುತ್ತಾ ಕೇಳುತ್ತಾ ನನ್ನ ಕಣ್ಣು ತುಂಬಿ ಬಂತು. ಪಲ್ಲವಿ ಮುಗಿಯುವ ಜಾಗದಲ್ಲಿ ಅಡುಗೆಮನೆಯ ಕುಕ್ಕರ್ ಒಂದು ವಿಷಲ್ ಕೂಗಿದ್ದು ಬಿಟ್ಟರೆ ಎಲ್ಲೂ ಕೊರತೆಯಿರಲಿಲ್ಲ. ಆಮೇಲೆ ಇನ್ನೊಂದು ಟ್ರ್ಯಾಕಿನಲ್ಲಿ, ಊಟದ ಡಬ್ಬಿಯ ಮುಚ್ಚಳ ಬಡಿದು ನಾನೇ ತಾಳ ಹಾಕಿದೆ. ಕಲಾವಿದೆಗೆ ವಾದ್ಯ ಯಾವುದಾದರೇನು?

ಮದುವೆಯ ದಿನ ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಆ ವಿಷಲ್ ನೆನಪಾಯಿತು. ಹೆಣ್ಣನ್ನು ಹಸೆಗೆ ಕರೆಯುವಾಗ ಕುಕ್ಕರ್ ಕೂಗಿದರೆ ಹೇಗೆ? ಲ್ಯಾಪ್‌ಟಾಪ್ ತೆಗೆದು, ವಿಷಲ್ ಇದ್ದ ಜಾಗಕ್ಕೆ ಹೋಗಿ ಆರ್ ಒತ್ತಿದೆ. ಕೆಂಪು ಬಂತು. ವಿಷಲ್ ರದ್ದಾಗುತ್ತಿರಲಿ ಎಂದು ಸ್ವಲ್ಪ ಹೊತ್ತು ಬಿಟ್ಟೆ. ಸೀರೆಯ ವಿಷಯ ಇತ್ಯರ್ಥವಾಗುವುದಿತ್ತು, ಇವರ ಜೊತೆ ಅದನ್ನು ಮಾತಾಡಿ ಮುಗಿಸಿದೆ. ಆಮೇಲೆ ಸಾಕೆಂದು ಎಸ್ ಒತ್ತಿದೆ. ತಾಳದ ಟ್ರ್ಯಾಕಿನ ಪಕ್ಕ ಹಳದಿ ದೀಪ ಹತ್ತಿತು. ಮಂಗಳಕಾರ್ಯಕ್ಕೆ ಅರಿಶಿನದ ಬಣ್ಣ, ಶುಭವೇ! ಸ್ಪೇಸ್ ಬಾರ್ ಕುಟ್ಟಿ ನಿಲ್ಲಿಸಿದೆ.

"ಇನ್ನೊಂದ್ಸಲ ಕೇಳಿ ನೋಡೇ," ಎಂದರು ಇವರು.

"ನಿನ್ನೆ ಪೂರ್ತಿ ಕೇಳಿದೀನಿ ರೀ. ಕಾರು ಹಾರ್ನ್ ಹೊಡೀತಿದೆ, ನಡೀರಿ!" ಎಂದು ಹಾಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಟೆ.

ಭದ್ರಾವತಿಯ ಕಲ್ಯಾಣ ಮಂಟಪ ಕಿಕ್ಕಿರಿದಿತ್ತು. ಹುಡುಗಿಯನ್ನು ಹಸೆಗೆ ಕರೆತರುವ ಹೊತ್ತು. ಆರತಿ ತಟ್ಟೆ ಹಿಡಿದ ಅತ್ತಿಗೆ, "ನಮ್ಮಮ್ಮನ ಹಾಡು ಬರುತ್ತೆ, ಎಲ್ರೂ ಸ್ವಲ್ಪ ಸುಮ್ನಿರಿ," ಎಂದು ಕೇಳಿಕೊಂಡರು. ನಾನು ಮೈಕಿನವರಿಗೆ ಗಂಭೀರವಾಗಿ ಸನ್ನೆ ಮಾಡಿದೆ.

ಟಕ್. ಟಕ್. ಟಕ್. ಟಕ್.

ಡಬ್ಬಿಯ ಮುಚ್ಚಳ! ಬರೀ ಮುಚ್ಚಳ!

"ಹಾಡು ಎಲ್ಲೇ?" ಎಂದರು ಅತ್ತಿಗೆ.

"ಬರುತ್ತೆ ಅತ್ತಿಗೆ. ತಾಳ ಕೂರ್ತಾ ಇದೆ," ಎಂದೆ.

ಮುಚ್ಚಳ ನಿಂತಿತು. ಇಡೀ ಮಂಟಪಕ್ಕೆ ಕೇಳುವಂತೆ ನನ್ನ ಧ್ವನಿ ಮೊಳಗಿತು.

"ರೀ, ನಿಮ್ಮಕ್ಕ ಕೊಟ್ಟಿರೋ ಸೀರೇನೇ ಉಡ್ಬೇಕಾ? ನಮ್ ಸ್ಕೂಲ್ ಸ್ಟೇಜಿನ ಪರದೆ ಇದ್ದಂಗಿದೆ!"

"ಒಂದಿನ ಉಟ್ಕೋ ಮಾರಾಯ್ತಿ."

"ಒಂದಿನ ಅಂತ ಪರದೆ ಸುತ್ಕೊಂಡು ಓಡಾಡ್ಲಾ? ನಿಮ್ಮಕ್ಕನ ಟೇಸ್ಟೇ ಅಷ್ಟು ಬಿಡಿ!"

ಮಂಟಪದಲ್ಲಿದ್ದ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅದೇ ಸೀರೆಯಲ್ಲಿ ನಿಂತಿದ್ದೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆಗ ನನಗೆ ಜ್ಞಾನೋದಯವಾಯಿತು. ಆರ್ ಎಂದರೆ ರದ್ದಲ್ಲ, ರೆಕಾರ್ಡ್! ಸೀರೆಯ ಮಾತೆಲ್ಲ ತಾಳದ ಟ್ರ್ಯಾಕಿನ ಮೇಲೇ ಅಚ್ಚಾಗಿತ್ತು. ಎಸ್ ಎಂದರೆ ಸಾಕಲ್ಲ, ಸೋಲೋ; ಮಿಕ್ಕಿದ್ದೆಲ್ಲದರ ಬಾಯಿ ಮುಚ್ಚಿಸಿ ಒಂದೇ ಟ್ರ್ಯಾಕನ್ನು ಕೇಳಿಸುವ ಕೀ! ಗಂಡನ ಹಾಡನ್ನು ಅಡಗಿಸಿ ನನ್ನ ಬಾಯನ್ನು ಮಾತ್ರ ಭದ್ರಾವತಿಗೆ ಹೊತ್ತು ತಂದಿದ್ದೆ. ಲ್ಯಾಪ್‌ಟಾಪ್ ನವುಲೆಯಲ್ಲಿ ಹಾಸಿಗೆಯ ಮೇಲೆ ಬಿದ್ದಿತ್ತು.

"ಅತ್ತಿಗೆ, ಸೀರೆ ವಿಷಯ..." ಎಂದು ತೊದಲಿದೆ.

"ಸೀರೆ ಸುಡ್ಲಿ ಕಣೆ," ಎಂದರು ಅತ್ತಿಗೆ. ಕಣ್ಣಲ್ಲಿ ನೀರು ತುಂಬಿತ್ತು. "ಅಮ್ಮನ ಹಾಡೆಲ್ಲಿ?"

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಈ ಮಾತು ಕೇಳಿ ನನಗೆ ಅಳುವೇ ಬಂತು. ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಪುರೋಹಿತರು ಮುಹೂರ್ತ ಮೀರುತ್ತದೆಂದು ಅವಸರ ಮಾಡುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

ನಮ್ಮನೆಯವರು! ಅಕ್ಕನ ಪಕ್ಕ ಬಂದು ನಿಂತು, ನೆಲ ನೋಡುತ್ತಾ ಶುರು ಮಾಡಿಯೇಬಿಟ್ಟರು. ಮೊದಲ ಸಾಲು ನಡುಗಿತು. ಎರಡನೆಯ ಸಾಲಿಗೆ ಅತ್ತಿಗೆಯೂ ದನಿಗೂಡಿಸಿದರು. ಮುಂದಿನದು ಅವರಿಗೆ ಬಾರದು, ಅಳುತ್ತಾ ಕೇಳಿದರು. ಇವರು ಒಬ್ಬರೇ, ಅಷ್ಟು ಜನದ ನಡುವೆ, ಕಣ್ಣುಮುಚ್ಚಿ ತಾಯಿಯ ಹಾಡನ್ನು ಹಾಡಿಕೊಂಡು ಹೋದರು. ಮೀಸೆಯ ಕಡೆ ಯಾರೂ ನೋಡಲಿಲ್ಲ. ಹುಡುಗಿ ನಿಧಾನವಾಗಿ ನಡೆದು ಬಂದು ಹಸೆಯ ಮೇಲೆ ಕುಳಿತಳು.

ಹಾಡು ಶುರುವಾದಾಗಲೇ ಅತ್ತಿಗೆ ತಮ್ಮ ಫೋನನ್ನು ನನ್ನ ಕೈಗೆ ತುರುಕಿದ್ದರು. "ವಿಡಿಯೋ ಒತ್ತಿ ಕೊಟ್ಟಿದೀನಿ. ಸುಮ್ನೆ ಹಿಡ್ಕೊಂಡಿರು, ಸಾಕು." ಇನ್ನೊಂದು ಅನಾಹುತ ಬೇಡವೆಂದು, ಮುನ್ನೆಚ್ಚರಿಕೆಯಾಗಿ ನಾನೂ ಒಮ್ಮೆ ಕೆಂಪು ಗುಂಡಿ ಒತ್ತಿದೆ. ಹಾಡು ಮುಗಿಯುವ ತನಕ ಕೈ ಅಲುಗಿಸದೆ ಹಿಡಿದಿದ್ದೆ. ಮುಗಿದ ಮೇಲೆ ಜವಾಬ್ದಾರಿಯಿಂದ ಮತ್ತೊಮ್ಮೆ ಒತ್ತಿ, ಫೋನನ್ನು ಕೈಚೀಲದಲ್ಲಿ ಭದ್ರಪಡಿಸಿದೆ.

ಊಹಿಸಿದಿರಿ ತಾನೇ? ನನ್ನ ಮೊದಲ ಒತ್ತಿಗೆ ರೆಕಾರ್ಡಿಂಗ್ ನಿಂತಿತ್ತು. ಎರಡನೆಯದಕ್ಕೆ ಶುರುವಾಗಿತ್ತು! ಹಾಡಿನ ಒಂದು ಸಾಲೂ ಪೂರ್ತಿ ದಾಖಲಾಗಲಿಲ್ಲ. ದಾಖಲಾಗಿದ್ದು ಕೈಚೀಲದ ಕತ್ತಲು ಮತ್ತು ಊಟದ ಪಂಕ್ತಿಯಲ್ಲಿ ನಾನು ಕೊಚ್ಚಿಕೊಂಡದ್ದು.

"ಹಾಡಿದ್ದು ನಮ್ಮನೆಯವ್ರೇ ಕಣ್ರೀ! ಅವ್ರು ಸ್ನಾನಕ್ಕೆ ಹೋದ್ರೆ ನಾನು ಮಿಕ್ಸಿ ಆಫ್ ಮಾಡಿ ಕೇಳ್ತಾ ನಿಂತಿರ್ತೀನಿ, ಅವ್ರಿಗೆ ಗೊತ್ತೇ ಇಲ್ಲ. ಬಾಯ್ಬಿಟ್ಟು ಒಂದಿನಾನೂ ಹೇಳಿಲ್ಲ ನೋಡಿ. ಹೇಳಿದ್ರೆ ತಲೆ ಮೇಲೆ ಕೂತ್ಕೋತಾರೆ. ಇಂಥಾ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು. ಹೋಳಿಗೆಗೆ ಇನ್ನೊಂಚೂರು ತುಪ್ಪ ಹಾಕಪ್ಪ!"

ಆಮೇಲೆ ಅದನ್ನು ನೋಡಿ ಅತ್ತಿಗೆ ಬಹಳ ನಕ್ಕರಂತೆ. "ಹೋಗ್ಲಿ ಬಿಡು, ಇನ್ಮೇಲೆ ಹಾಡು ಬೇಕಾದ್ರೆ ನಂಜುಂಡನ್ನೇ ಕರೆಸ್ತೀನಿ," ಎಂದು ನನಗೆ ಫೋನಿನಲ್ಲಿ ಹೇಳಿದವರು, ಸೀರೆಯ ಸೇಡನ್ನೂ ಸೇರಿಸಿ ಆ ವಿಡಿಯೋವನ್ನು ನಮ್ಮನೆಯವರಿಗೆ ಕಳಿಸಿದರು.

ಇವರು ಈಗ ದಿನಾ ರಾತ್ರಿ ಊಟ ಮಾಡಿ, ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು, ಅದನ್ನು ಹಾಕಿಕೊಂಡು ಕೇಳುತ್ತಾರೆ. ನಾನು ಆ ಕಡೆ ಬಂದರೆ ಕಣ್ಣೆತ್ತಿಯೂ ನೋಡುವುದಿಲ್ಲ. ವಾಲ್ಯೂಮ್ ಮಾತ್ರ ಸ್ವಲ್ಪ ಜಾಸ್ತಿ ಮಾಡುತ್ತಾರೆ.