ಈರಣ್ಣನ ವಿಮಾನ ಮತ್ತು ನನ್ನ ಉಗುರು

ಎದ್ದು ನಿಂತ ಬಣ್ಣದ ಚಕ್ಕೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಇದು ನನ್ನೊಬ್ಬನ ರೋಗವೆಂದು ನಾನು ಒಪ್ಪುವುದಿಲ್ಲ. ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಮ್ಯಾನೇಜರು, ಎಂಥ ಗಂಭೀರ ಮನುಷ್ಯ, ಗಿರಾಕಿಗಳ ಕಷ್ಟ ಕೇಳುತ್ತಾ ಕೇಳುತ್ತಾ ತಮ್ಮ ಕುರ್ಚಿಯ ಕೈಯ ವಾರ್ನಿಶನ್ನು ಪೂರ್ತಿ ಸುಲಿದಿದ್ದರು. ಗೋಡೆಯೋ ಕುರ್ಚಿಯೋ ಆದರೆ ಲೋಕ ಕ್ಷಮಿಸುತ್ತದೆ. ನನ್ನ ಕೈ ಬಿದ್ದದ್ದು ವಿಮಾನದ ಮೇಲೆ.

ವಿಮಾನ ನನ್ನದಲ್ಲ. ನಾವಿರುವ ಶಿವಬಸವ ನಗರದಲ್ಲಿ ನನ್ನ ಸ್ಕೂಟರ್ ನಿಲ್ಲಿಸಲೇ ಜಾಗವಿಲ್ಲ. ಅದು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿರುವ ನನ್ನ ಹೆಂಡತಿಯ ತಮ್ಮ ಈರಣ್ಣನದು. ಕಬ್ಬು ಬೆಳೆದವರು ಟ್ರ್ಯಾಕ್ಟರ್ ಕೊಳ್ಳುತ್ತಾರೆ. ಇವನು ಹಾರುವುದನ್ನು ಕಲಿತು, ಲೈಸೆನ್ಸ್ ಪಡೆದು, ಯಾರೋ ಹಾರಿಸಿ ಬಿಟ್ಟ ಎರಡು ಸೀಟಿನ ವಿಮಾನ ತಂದು ಹೊಲದ ತಗಡಿನ ಶೆಡ್ಡಿನಲ್ಲಿ ಎತ್ತುಗಳ ಪಕ್ಕಕ್ಕೆ ಕಟ್ಟಿದ. ಕಟ್ಟಿದ ಎಂದರೆ ನಿಜವಾಗಿಯೂ ಹಗ್ಗದಿಂದಲೇ, ಗಾಳಿಗೆ ಸರಿಯಬಾರದೆಂದು.

ಎರಡನೇ ಸೀಟಿನಲ್ಲಿ ಮೊದಲು ಮಾಮಾನೇ ಕೂರಬೇಕು ಎಂದು ಈರಣ್ಣ ಹೇಳಿದ್ದೇ ತಡ, ನನ್ನ ಹೆಂಡತಿ ಓಣಿಗೆಲ್ಲ ಸಾರಿ ಬಂದಳು. ಗಡಿಯಾರಕ್ಕೆ ಸೆಲ್ ಹಾಕಲು ಸ್ಟೂಲ್ ಹತ್ತಿದರೆ ತಲೆ ತಿರುಗುವವನು ನಾನು. ಮದುವೆಯಾದಾಗಿನಿಂದ ಇದನ್ನು ಅವಳಿಗೆ ತಿಳಿಯಗೊಟ್ಟಿಲ್ಲ. ನಿಂತ ಗಡಿಯಾರ ನಮ್ಮ ಮನೆಯಲ್ಲಿ ನಿಂತೇ ಇರುತ್ತದೆ. ಈಗೇನು ಗತಿ ಎಂದು ಶೆಡ್ಡಿನಲ್ಲಿ ನಿಂತಿದ್ದಾಗ, ದೇವರು ದೊಡ್ಡವನು, ರೆಕ್ಕೆಯ ಮೇಲೆ ಒಂದು ಚಕ್ಕೆ ಕಂಡಿತು. ಉಗುರು ಹಾಕಿದೆ. ಹಪ್ಪಳದಷ್ಟಗಲ ಕೈಗೆ ಬಂತು. ಇಂಥ ಸುಲಿದ ವಿಮಾನದಲ್ಲಿ ಅಳಿಯನನ್ನು ಕೂರಿಸುವುದು ಮನೆತನಕ್ಕೆ ಶೋಭೆಯಲ್ಲವೆಂದು ಅತ್ತೆಯೇ ಹೇಳಿದರು. ಹಾರಾಟ ಮುಂದಕ್ಕೆ ಹೋಯಿತು.

ಅಂದಿನಿಂದ ಭಾನುವಾರಕ್ಕೊಮ್ಮೆ ಹೋಗಿ ಒಂದಿಷ್ಟು ಸುಲಿದು ಬರುವುದು ನನ್ನ ನೇಮವಾಯಿತು. ಈರಣ್ಣ ನಮ್ಮೂರಿನ ಕ್ಯಾಂಪ್ ಬಡಾವಣೆಯಿಂದ ಕಾರಿಗೆ ಬಣ್ಣ ಹೊಡೆಯುವವನನ್ನು ಕರೆತಂದ. ಹಳೆಯದರ ಮೇಲೆ ಹೊಸದು ಬಳಿದರೆ ಭಾರ ಹೆಚ್ಚುತ್ತದೆ, ಕೆರೆದು ತೆಗೆದರೆ ತಗಡಿಗೆ ಗೀರು ಬೀಳುತ್ತದೆ ಎಂದು ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಅವನಿಗೆ ಒಪ್ಪಿಸಿದೆ. ಅವನು ಚಹಾ ಕುಡಿದು ಹೊರಟುಹೋದ. ವಿಮಾನ ನೋಡಲು ಬಂದ ನೆಂಟರಿಷ್ಟರೂ ಮಾತಾಡುತ್ತಾ ಒಂದೊಂದು ಚಕ್ಕೆ ಕಿತ್ತು ಪುಣ್ಯ ಕಟ್ಟಿಕೊಂಡರು. ಕೊನೆಗೆ ಅದು ಹುರುಕು ಹತ್ತಿದ ಎಮ್ಮೆಯ ಹಾಗೆ ಕಾಣುತ್ತಿತ್ತು.

ಕಾರಹುಣ್ಣಿಮೆಗೆ ಗಂಡ ಹೆಂಡತಿ ಬೀಡಿಗೆ ಹೋದೆವು. ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚಿಸಿದ್ದ ಅತ್ತೆ, ಉಳಿದ ಹುರಮಂಜನ್ನು ವಿಮಾನದ ಸುಲಿದ ಜಾಗಕ್ಕೆಲ್ಲ ಕೆಂಪಗೆ ಮೆತ್ತಿ, ಮೂತಿಗೆ ವಿಭೂತಿ ಎಳೆದು, ರೆಕ್ಕೆಯ ತುದಿಗೆ ಗೊಂಡೆ ಕಟ್ಟಿದ್ದರು. ಈರಣ್ಣ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಸಿಂಗಾರವಾದ ಮೇಲೆ ವಿಮಾನವೂ ಕರಿ ಹರಿಯಲೇಬೇಕು, ಎತ್ತುಗಳ ಹಾಗೆ ಅಡ್ಡ ಕಟ್ಟಿದ ಬೇವಿನ ತೋರಣ ಹರಿದುಕೊಂಡು ಓಡಲೇಬೇಕು ಎಂದು ಅತ್ತೆಯ ಹಟ.

"ಬಣ್ಣ ಆತಲ್ಲ. ಇನ್ನ ಹತ್ತರ್ರಿ ಅಳಿಯಾರ," ಅಂದರು.

ಹೆಂಡತಿ ನೋಡುತ್ತಿದ್ದಳು. ಹತ್ತಿದೆ. ಹತ್ತಿದವನೇ ಕಣ್ಣು ಮುಚ್ಚಿದೆ. ಹೊರಗೆ ಏನೇನೋ ವಾದ ನಡೆಯಿತು, ಯಾರೋ ಕೂಗಿದರು, ಒಮ್ಮೆ ಜಗ್ಗಿದಂತಾಯಿತು, ಗೆಜ್ಜೆ ಸದ್ದು, ಮುಖಕ್ಕೆ ಗಾಳಿ. ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದೆ. ಇದ್ದಬದ್ದ ಶರಣರನ್ನೆಲ್ಲ ನೆನೆದೆ. ನಿಂತ ಮೇಲೆ ಕಣ್ಣು ಬಿಟ್ಟು, ಆದಷ್ಟು ಸಹಜವಾಗಿ, ಎಷ್ಟು ಮೇಲೆ ಹೋಗಿದ್ದೆವು ಎಂದು ಕೇಳಿದೆ.

"ಎಂಜಿನ್ ಚಾಲೂ ಮಾಡಾಕ ಈರಣ್ಣ ಒಪ್ಪಲಿಲ್ರಿ, ಎತ್ತು ಹೂಡಿದ್ವಿ," ಅಂದರು ಅತ್ತೆ. "ನಾ ಬಾಜೂಕ ನಡಕೋತ ಬಂದೇನಿ."

ಊರೇ ನಕ್ಕಿತು. ಹೆಂಡತಿ ಮಾತ್ರ ನಗಲಿಲ್ಲ. ನನ್ನ ಮುಖ ನೋಡಿದಳು, ಆಮೇಲೆ ನನ್ನ ಉಗುರುಗಳನ್ನು ನೋಡಿದಳು. ಸೀಟಿನ ಮುಂದಿನ ಹಲಗೆಯ ಬಣ್ಣವೂ ಅವುಗಳಲ್ಲಿ ತುಂಬಿತ್ತು.

ಅದಾದ ಮೇಲೆ ವಿಮಾನ ದೂರದೂರಿಗೆ ಹೋಗಿ, ಹಳೆಯ ಬಣ್ಣವನ್ನೆಲ್ಲ ತೆಗೆಸಿ ಹೊಸದು ಹಚ್ಚಿಸಿಕೊಂಡು, ಮದುಮಗನ ಹಾಗೆ ಮಿಂಚುತ್ತಾ ವಾಪಸು ಬಂದಿದೆ. ನಾಳೆ ಭಾನುವಾರ. ಈಗಷ್ಟೇ ಹೆಂಡತಿ ನೇಲ್ ಕಟರ್ ಹಿಡಿದು ಎದುರಿಗೆ ಬಂದು ಕುಳಿತಳು. ಶನಿವಾರ ಉಗುರು ತೆಗೆಯಬಾರದು ಎಂದೆ.

"ನಮ್ಮ ಗಡಿಯಾರ ಯಾಕ ನಿಂತೈತಿ ಅಂತ ನನಗ ಮದವಿ ಆದಾಗಿಂದ ಗೊತ್ತೈತ್ರಿ," ಅಂದಳು. "ಕೈ ಕೊಡ್ರಿ."

ಕೊಟ್ಟಿದ್ದೇನೆ. ಬಲಗೈ ಹೆಬ್ಬೆರಳನ್ನು ಮಾತ್ರ ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದೇನೆ. ನಾಳೆಗೆ ಅದೊಂದು ಸಾಕು.