ಅತ್ತೆಯ ಕಿಟಕಿಗೆ ಕಂಟ್ರಾಕ್ಟರ್ ಹುಡುಕಿದ್ದು

ನಮ್ಮ ಕಡೆ ಹುಡುಗಿಗೆ ಗಂಡು ಹುಡುಕುವುದು ಸುಲಭ, ಕಿಟಕಿಗೆ ಕಂಟ್ರಾಕ್ಟರ್ ಹುಡುಕುವುದು ಕಷ್ಟ. ಇವತ್ತಿಗೂ ಯಾರಾದರೂ ಮನೆ ರಿಪೇರಿಯ ಮಾತೆತ್ತಿದರೆ ಒಂದು ಹೊಸ ಕತೆ ಕಿವಿಗೆ ಬೀಳುತ್ತದೆ. ಆದರೆ ನಮ್ಮ ಮನೆಯಲ್ಲಿ ನಡೆದದ್ದರ ಮುಂದೆ ಅವೆಲ್ಲ ಸಪ್ಪೆ.

ಇಸವಿ ಎರಡು ಸಾವಿರದ ಮೂರಿರಬೇಕು. ಕುಂದಾಪುರದ ನಮ್ಮ ಮನೆಯ ಆರು ಕಿಟಕಿಗಳೂ ಉಪ್ಪುಗಾಳಿಗೆ ಬಣ್ಣ ಕಳೆದುಕೊಂಡಿದ್ದವು. ಅದರಲ್ಲಿ ರಸ್ತೆ ಬದಿಯದಕ್ಕೆ ಗೆದ್ದಲೂ ಹಿಡಿದಿತ್ತು. ಅದರ ಪಕ್ಕದಲ್ಲೇ ನನ್ನ ಅತ್ತೆಯ ಮಂಚ. ಮೊಣಕಾಲು ನೋವಿನಿಂದ ಹೊರಗೆ ಹೋಗಲಾಗದ ಅವರಿಗೆ ಆ ಕಿಟಕಿಯೇ ಪೇಟೆ, ಅದೇ ಪೇಪರು. ಹಿಂದಿನ ಮಳೆಗಾಲವಿಡೀ ಮಂಚದ ಮೇಲೆ ಕೊಡೆ ಬಿಡಿಸಿಕೊಂಡು ಕುಳಿತರೇ ಹೊರತು ಜಾಗ ಬಿಟ್ಟು ಕದಲಲಿಲ್ಲ. ಮುಂದಿನ ಮಳೆಗೆ ಮೊದಲು ಕಿಟಕಿ ಬದಲಾಗಲೇಬೇಕಿತ್ತು.

“ನೀ ಕಾನ್ವೆಂಟಂಗ್ ಕಲ್ತವ್ಳ್. ನಿಂಗ್ ಯಾರ್ ಮೋಸ ಮಾಡ್ತ್ರ್?” ಎಂದು ಯಜಮಾನರು ಜವಾಬ್ದಾರಿಯನ್ನು ನನಗೆ ಒಪ್ಪಿಸಿ ಪೇಪರು ಬಿಡಿಸಿದರು.

ಒಂಬತ್ತು ಗಂಟೆಯ ಮನುಷ್ಯ

ಸಮಯಕ್ಕೆ ಸರಿಯಾಗಿ ಬರುವವನು ಮೋಸ ಮಾಡುವುದಿಲ್ಲ ಎಂದು ಕಾನ್ವೆಂಟಿನ ನಮ್ಮ ಸಿಸ್ಟರುಗಳು ಕಲಿಸಿದ್ದರು. ಬ್ರಹ್ಮಾವರದ ಕಂಟ್ರಾಕ್ಟರಿಗೆ ಒಂಬತ್ತಕ್ಕೆ ಬರಲು ಹೇಳಿದ್ದೆ. ಎಂಟಕ್ಕೇ ಬಂದರು! ಸಂತೋಷದಿಂದ ಅತಿಥಿಗಳಿಗೆಂದು ಎತ್ತಿಟ್ಟ ಕಪ್ಪಿನಲ್ಲೇ ಕಾಫಿ ಕೊಟ್ಟೆ.

“ಇಷ್ಟು ಬೇಗ ಹೇಗೆ ಬಂದಿರಿ?” ಎಂದು ಕೇಳಿದೆ.

“ಎದ್ರ್ ಮನಿಯವ್ರ್ ಎದ್ದ್ ಹೊರ್ಗ್ ಬಪ್ಪುಕ್ ಮುಂಚೆ ಒಳ್ಗ್ ಬಂದ್ಬಿಡ್ವ ಅಂದೇಳಿ ಅಮ್ಮ. ಅವ್ರ್ ಕೆಲ್ಸ ಅರ್ಧ ಆಯಿ ಆರ್ ತಿಂಗ್ಳಾಯ್ತ್.”

ಅಷ್ಟರಲ್ಲಿ ಅತ್ತೆ ಕಿಟಕಿಯಿಂದ ಎದುರು ಮನೆಗೆ ಕೇಳುವಂತೆ ಕೂಗಿದರು: “ಹ್ವಾಯ್! ನಿಮ್ಮ್ ಕಂಟ್ರಾಕ್ಟರ್ ಇಲ್ಲಿದ್ರ್, ಕಾಫಿ ಕುಡೀತಿದ್ರ್!”

ಅವರು ಹಿತ್ತಿಲ ಬಾಗಿಲಿನಿಂದ ಹೋದ ವೇಗ ನೋಡಿದರೆ, ಸಮಯಪ್ರಜ್ಞೆಯ ವಿಷಯದಲ್ಲಿ ಸಿಸ್ಟರುಗಳು ಮೆಚ್ಚಲೇಬೇಕಿತ್ತು.

ಮೂರು ಪತ್ರಗಳು

ಎರಡನೆಯವರು ಬೈಂದೂರಿನವರು. ಈ ಸಲ ನಾನು ಹುಷಾರಾಗಿದ್ದೆ. ಮೊದಲು ಕೆಲಸ ಮಾಡಿಸಿಕೊಂಡ ಮೂವರಿಂದ ಪತ್ರ ತರಬೇಕು ಎಂದೆ. ಹದಿನೈದು ದಿನ ಬಿಟ್ಟು ಮೂರು ಪತ್ರ ತಂದರು. ಒಳ್ಳೆಯ ಕಾಗದ, ದುಂಡಗಿನ ಅಕ್ಷರ. ಓದುತ್ತಾ ಹೋದೆ. ಮೂರರಲ್ಲೂ ಒಂದೇ ಮಾತು: “ಊರಿನ ಮನೆಯ ಕಿಟಕಿಗಳು ಬಹಳ ಚೆನ್ನಾಗಿ ಬಂದಿವೆಯಂತೆ.”

ಮೂವರೂ ಮುಂಬಯಿಯಲ್ಲಿ ಹೋಟೆಲು ಇಟ್ಟವರು. ಕಿಟಕಿಯನ್ನು ಇನ್ನೂ ಯಾರೂ ಕಣ್ಣಾರೆ ನೋಡಿಲ್ಲ!

“ಊರಿನಲ್ಲೇ ಇರುವವರ ಒಂದು ಪತ್ರವೂ ಇಲ್ಲವೇ?” ಎಂದೆ.

ಅವರು ತಲೆ ಕೆರೆದುಕೊಂಡರು. “ಊರಗಿದ್ದವ್ರ್ ಬಾಯಗೇ ಹೇಳ್ತ್ರ್ ಅಮ್ಮ. ಅದನ್ನ್ ಕಾಗ್ದದಗ್ ಬರೆಯುಕಾತಿಲ್ಲೆ.”

ಕಪ್ಪು ಗಾಜು

ಮೂರನೆಯವರು ಕುಂದಾಪುರ ಪೇಟೆಯವರೇ. ಆಗಷ್ಟೇ ಬರತೊಡಗಿದ್ದ ಅಲ್ಯೂಮಿನಿಯಂ ಕಿಟಕಿ, ಕಪ್ಪು ಗಾಜು. “ಒಳ್ಗಿಂದ ಹೊರ್ಗ್ ಕಾಣತ್ತ್, ಹೊರ್ಗಿಂದ ಒಳ್ಗ್ ಕಾಂಬುದಿಲ್ಲೆ” ಎಂದರು. ಮರ್ಯಾದಸ್ಥರ ಮನೆಗೆ ಇದೇ ಸರಿ ಎನಿಸಿತು. ನಾಲ್ಕು ದಿನ ನೋಡಿ ಹೇಳಿ ಎಂದು ಅತ್ತೆಯ ಕಿಟಕಿಗೆ ಒಳಗಿನಿಂದ ಒಂದು ಮಾದರಿ ಕೂರಿಸಿ ಹೋದರು.

ದಿನವೂ ಅತ್ತೆಯನ್ನು ಕಿಟಕಿಯಲ್ಲಿ ಕಂಡು ನಿಲ್ಲುತ್ತಿದ್ದ ಮೀನು ಮಾರುವ ಹೆಂಗಸು ಮೊದಲ ದಿನ ನಮ್ಮ ಮನೆಯ ಮುಂದೆ ನಿಲ್ಲದೆ ಹೋದಳು. ಎರಡನೆಯ ದಿನವೂ ಹೋದಳು. ಒಳಗಿನಿಂದ ಅತ್ತೆ ಕೂಗಿದ್ದು ಗಾಜು ದಾಟಲೇ ಇಲ್ಲ. ಮೂರನೆಯ ದಿನ ಬುಟ್ಟಿಯನ್ನು ಗೇಟಿನ ಹೊರಗಿಟ್ಟು, ತಲೆಗೆ ಸೆರಗು ಹೊದ್ದು ಮುಂಬಾಗಿಲಿಗೆ ಬಂದಳು. ನನ್ನ ಕೈ ಹಿಡಿದು ಅಳತೊಡಗಿದಳು: “ಅಜ್ಜಿ ಹೋದ್ದನ್ನ್ ನಂಗೊಂದ್ ಮಾತ್ ಹೇಳಿ ಕಳ್ಸುಕಾಯ್ಲಿಲ್ಯಾ ಅಮ್ಮ?”

ಒಳಗಿನಿಂದ ಅತ್ತೆಯ ದನಿ ಬಂತು: “ಅಳುದ್ ಆಮೇಲ್ ಅಳು. ಬಂಗ್ಡಿ ಮೀನ್ ಇತ್ತಾ?”

ಆಚಾರಿಯ ಮನೆ

ಕಪ್ಪು ಗಾಜು ಅವತ್ತೇ ವಾಪಸು ಹೋಯಿತು. ಕಣ್ಣೊರೆಸಿಕೊಂಡ ಮೇಲೆ ದಾರಿ ತೋರಿಸಿದವಳೂ ಆ ಮೀನಿನವಳೇ. “ಹಟ್ಟಿಯಂಗಡಿ ಬದಿಯಗ್ ಮರದ್ ಕೆಲ್ಸದ್ ಆಚಾರ್ರ್ ಒಬ್ರ್ ಇದ್ರ್. ದಿನಾ ಹತ್ತ್ ಮನಿ ಅಂಗಳಕ್ಕ್ ಹೋಪವ್ಳ್ ನಾನ್. ಅವ್ರ್ ಹಾಕದ್ ಕಿಟ್ಕಿಗೆ ಯಾರೂ ಬೈದದ್ದ್ ಕೇಣ್ಲಿಲ್ಲೆ.”

ಆಚಾರಿ ಬಂದದ್ದು ಒಂಬತ್ತಕ್ಕಲ್ಲ, ಹನ್ನೊಂದೂ ಕಾಲಿಗೆ. ಕೈಯಲ್ಲಿ ಒಂದು ಪತ್ರವೂ ಇಲ್ಲ. ಬೆರಳಿನ ಗೆಣ್ಣಿನಿಂದ ಆರೂ ಕಿಟಕಿ ತಟ್ಟಿ ನೋಡಿ ಹೇಳಿದರು: “ಐದ್ ಹಲ್ಸಿನ್ ಮರದ್ದ್, ಬಣ್ಣ ಬಳದ್ರೆ ಸಾಕ್. ಇದೊಂದ್ ಮಾವಿಂದ್, ಇದನ್ನ್ ಮಾತ್ರ ಬದ್ಲ್ ಮಾಡ್ವ.”

ನನಗೆ ತಕ್ಷಣ ಸಂಶಯ ಬಂತು. ಕೆಲಸ ಬೇಡ ಎನ್ನುವ ಕಂಟ್ರಾಕ್ಟರನ್ನು ನಾನು ಕಂಡಿರಲಿಲ್ಲ. “ಯೋಚಿಸಿ ಹೇಳುತ್ತೇನೆ” ಎಂದೆ. ಮರುದಿನ ಬೆಳಿಗ್ಗೆ ದೇವಸ್ಥಾನಕ್ಕೆಂದು ಹೇಳಿ ಹಟ್ಟಿಯಂಗಡಿಯ ಬಸ್ಸು ಹತ್ತಿ, ನೇರ ಅವರ ಮನೆಗೇ ಹೋದೆ. ಮುಂದಿನ ಗೋಡೆಯಲ್ಲಿ ಕಿಟಕಿ ಇರಬೇಕಾದಲ್ಲಿ ಹೆಣೆದ ತೆಂಗಿನ ಮಡಲು ನೇತಾಡುತ್ತಿತ್ತು. ಸಿಕ್ಕಿಬಿದ್ದರು ಎಂದುಕೊಂಡೆ.

“ನಿಮ್ಮ ಮನೆಗೇ ಕಿಟಕಿ ಇಲ್ಲವಲ್ಲ?” ಎಂದು ಅವರ ಹೆಂಡತಿಯನ್ನು ಕೇಳಿದೆ.

“ಮಾಡಿ ಇಟ್ಟಿದ್ರ್ ಅಮ್ಮ, ಮೂರ್ ವರ್ಷ ಒಣ್ಗ್ಸದ್ ಹಲ್ಸಿಂದ್. ಕುಂದಾಪ್ರದಗ್ ಯಾರೋ ಅಜ್ಜಿ ಮಂಚದ್ ಮೇಲ್ ಕೊಡಿ ಹಿಡ್ಕಂಡ್ ಕೂಕಂತ್ರಂಬ್ರ್. ಅಳ್ತೆ ಸರಿ ಆತ್ತ್, ಮಳಿಗ್ ಮುಂಚೆ ಆಯ್ಕ್ ಅಂದೇಳಿ ಈಗಷ್ಟೇ ಟೆಂಪೋದಗ್ ತಕಂಡ್ ಹೋದ್ರ್.”

ವಾಪಸು ಬಸ್ಸು ಸಿಕ್ಕಿದ್ದು ಮಧ್ಯಾಹ್ನ ದಾಟಿದ ಮೇಲೆ. ಮನೆಗೆ ಬಂದಾಗ ಹೊಸ ಚೌಕಟ್ಟು ಗೋಡೆಯಲ್ಲಿ ಕುಳಿತಾಗಿತ್ತು. ಅದರ ಹಿಂದೆ ಅತ್ತೆ. ನಾನು ಯೋಚಿಸುತ್ತಿದ್ದ ಕೆಲಸವನ್ನು, ಹಿಂದಿನ ದಿನ ಆಚಾರಿ ಗೇಟು ದಾಟಿ ಹೋಗುವಾಗಲೇ ಅತ್ತೆ ಕಿಟಕಿಯಿಂದ ಕೂಗಿ ಒಪ್ಪಿಸಿಬಿಟ್ಟಿದ್ದರು.

ಆ ಮಳೆಗಾಲ ಅತ್ತೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಅವರು ಹೋಗಿ ಈಗ ಎಷ್ಟೋ ವರ್ಷವಾಯಿತು, ಕಿಟಕಿ ಮಾತ್ರ ಹಾಗೆಯೇ ಇದೆ. ಸಂಜೆ ಅದನ್ನು ತೆರೆದರೆ, ಯಾರನ್ನಾದರೂ “ಹ್ವಾಯ್” ಎಂದು ಕರೆಯಬೇಕು ಎನಿಸುತ್ತದೆ. ನಾನು ಕರೆಯುವುದಿಲ್ಲ, ಆ ಮಾತು ಬೇರೆ.

ಆ ವರ್ಷ ಮಳೆ ಬಿಟ್ಟ ಮೇಲೆ ಒಂದು ದಿನ ಆಚಾರಿಯ ಹೆಂಡತಿ ನಮ್ಮ ಮನೆಗೆ ಬಂದಿದ್ದರು. ಅತ್ತೆಯ ಮಂಚದ ತುದಿಯಲ್ಲಿ ಕುಳಿತು, ತಮ್ಮದಾಗಬೇಕಿದ್ದ ಕಿಟಕಿಯನ್ನು ಬಹಳ ಹೊತ್ತು ಸವರಿದರು. ಗಂಡ ಇನ್ನೂ ಮಡಲು ತೆಗೆದಿಲ್ಲವಂತೆ, ಕೇಳಿದರೆ ನಾಳೆ ಎನ್ನುತ್ತಾರಂತೆ. ಆಮೇಲೆ ನನ್ನ ಕಡೆ ತಿರುಗಿ, ಗಂಭೀರವಾಗಿ ಕೇಳಿದರು:

“ಅಮ್ಮ, ನೀವ್ ಸುಮಾರ್ ಜನ್ರನ್ನ್ ಕಂಡವ್ರ್. ನಂಬುಕಾಪ್ ಕಂಟ್ರಾಕ್ಟರ್ ಒಬ್ರ್ ಇದ್ರೆ ಹೇಳಿ. ನಮ್ಮನಿಗೊಂದ್ ಕಿಟ್ಕಿ ಹಾಕ್ಸುಕಿತ್ತ್.”